ಮಾಸ್ತಪ್ಪನ ಗಾಡಿಯ ಸದ್ದು

ಮಾಸ್ತಪ್ಪನ ಪದ್ಮಿನಿ ಕಾರಿಗೂ ಆ ಬೀದಿಯ ದೀಪಗಳಿಗೂ ನಂಟಿತ್ತು ಅಂದ್ರೆ ಹೊಸಬರು ನಗ್ತಾರೆ. ನಗಲಿ ಬಿಡಿ. ಮಳೆಗಾಲ ಹಿಡೀತು ಅಂದ್ರೆ ದಿನಾ ಹೊತ್ತು ಕಂತೋ ಸಮಯಕ್ಕೆ ಅವನು ತಗಡಿನ ಚಪ್ಪರದಡಿ ನಿಲ್ಲಿಸಿದ್ದ ಕಾರಿನ ತಾಡಪಾಲು ಸರಿಸಿ, ಒಳಗೆ ಕೂತು ಕೀ ತಿರುವುತ್ತಿದ್ದ. ಗಾಡಿ ಎರಡು ಸಲ ಕೆಮ್ಮಿ ಗುರ್ರ್ ಅನ್ನುತ್ತಿತ್ತು. ಎದುರುಮನೆ ಗುಡ್ಡಮ್ಮ "ಓ, ಮಾಸ್ತಣ್ಣನ ಗಾಡಿ ಎದ್ದಿತು" ಅಂತ ಕಾಲು ತೊಳೆದು ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ಅವಳನ್ನ ನೋಡಿ ಪಕ್ಕದವರು, ಅವರನ್ನ ನೋಡಿ ಇನ್ನೊಬ್ಬರು. ಗಡಿಯಾರ ನೋಡೋರು ಆ ಬೀದೀಲಿ ಯಾರಿದ್ದರು?

ಶಿಕಾರಿಪುರದ ಬಸ್ ಸ್ಟ್ಯಾಂಡ್ ಪಕ್ಕ ಬಾಡಿಗೆ ಕಾರು ಓಡಿಸಿಕೊಂಡೇ ಮಾಸ್ತಪ್ಪನ ತಲೆ ಹಣ್ಣಾದದ್ದು. ಅಂಬ್ಲಿಗೊಳದ ಕಾಲುವೆ ದಾಟಿ ಸೊರಬದ ಕಡೆ ಹೋದ್ರೆ ಸಿಗೋ ಅವನ ಊರಲ್ಲೂ ಸುತ್ತಿನ ಊರುಗಳಲ್ಲೂ ಒಂದು ಕಾಲಕ್ಕೆ ಕಾರು ಅಂದ್ರೆ ಅದೇ ಕಾರು. ಮದುಮಕ್ಕಳು ಅದರಲ್ಲೇ ಬಂದರು, ಬಸುರಿಯರು ಅದರಲ್ಲೇ ಆಸ್ಪತ್ರೆಗೆ ಹೋದರು. ಗುಡ್ಡಮ್ಮನ ಮಗ ತೀರ್ಥೇಶ್ ಹಸುಗೂಸಾಗಿ ಮನೆ ಸೇರಿದ್ದೂ ಅದೇ ಸೀಟಿನ ಮೇಲೆ ಮಲಗಿ. ಬಾಡಿಗೆ ನಿಂತು ಹೋದ ಮೇಲೂ ಅವನು ಗಾಡಿ ಮಾರಲಿಲ್ಲ. ಒರೆಸಿದ್ದೇ ಒರೆಸಿದ್ದು, ನೋಡಿದ್ದೇ ನೋಡಿದ್ದು. "ಹೋಗ್ರಿ, ನನ್ನ ಸವತಿಗೆ ನೆಗಡಿ ಆದೀತು, ಬೆಚ್ಚಗೆ ಹೊದೆಸಿ ಬರ್ರಿ. ನಾನು ನೆನೆದು ತೊಪ್ಪೆಯಾದ್ರೂ ಕೇಳೋರು ಗತಿಯಿಲ್ಲ" ಅಂತ ಹೆಂಡತಿ ಹಾಲಮ್ಮ ಒಳಗಿಂದ ಕೂಗುತ್ತಿದ್ದಳು. ಅವನಿಗೆ ಅದೂ ಹಿತವೇ.

ಹೋದ ಬೇಸಿಗೇಲಿ ಅವನು ಗಾಡಿಯನ್ನ ಶಿಕಾರಿಪುರದ ಉಸ್ಮಾನ್ ಸಾಬರ ಗ್ಯಾರೇಜಿಗೆ ಬಿಟ್ಟು, ತುಕ್ಕು ತಿಂದ ತಳವನ್ನೆಲ್ಲ ಕತ್ತರಿಸಿ ಹೊಸ ತಗಡು ಬೆಸೆಸಿದ. ಮೇಲೆ ಕೆನೆ ಬಣ್ಣ ಹೊಡೆಸಿದ. ಸಾಬರು ಕೀ ಕೈಗಿಡುವಾಗ ಹೇಳಿದ್ದು ಇಷ್ಟೇ: "ಅಣ್ಣಾ, ಈ ವಯಸ್ಸಿನ ಗಾಡಿಗೆ ನೀರೇ ಯಮ. ಕೆಸರು ಮೆತ್ತಿದ್ರೆ ತೊಳೀರಿ, ತೊಳೆದ್ರೆ ಒರೆಸ್ರಿ. ಆದ್ರೆ ನಿಲ್ಲಿಸಿ ಮಾತ್ರ ಇಡಬ್ಯಾಡ್ರಿ. ದಿನಾ ಸ್ಟಾರ್ಟ್ ಮಾಡಿ ಇಂಜಿನ್ ಚೆನ್ನಾಗಿ ಬಿಸಿ ಮಾಡ್ರಿ, ಒಂಚೂರು ಹಿಂದೆ ಮುಂದೆ ಓಡಾಡಿಸ್ರಿ." ಮಾಸ್ತಪ್ಪನಿಗೆ ಯಮ ಅನ್ನೋ ಮಾತು ತಲೆಗೆ ಹತ್ತಿಬಿಟ್ಟಿತು. ಆಯುಧ ಪೂಜೆ ತನಕ ಈ ಗಾಡಿ ಚಪ್ಪರ ಬಿಟ್ಟು ಕೆಸರಿಗೆ ಇಳಿಯೋದಿಲ್ಲ ಅಂತ ಬೀದಿಗೆಲ್ಲ ಸಾರಿದ.

ಆಷಾಢದ ಒಂದು ಬೆಳಿಗ್ಗೆ ಮಳೆ ಕೊಡದಲ್ಲಿ ಸುರಿದಂಗೆ ಸುರೀತಿತ್ತು. ತೀರ್ಥೇಶ್ ಓಡಿ ಬಂದ. ಅವನ ಹೆಂಡತಿ ರಮ್ಯ ಬಸುರಿ. "ಮಾಮ, ರಮ್ಯಂಗೆ ನೋವು ಶುರುವಾಗೈತೆ. ತಿಂಗಳು ತುಂಬೋದ್ರೊಳಗೇ. ಆಂಬುಲೆನ್ಸು ಬೇರೆ ಊರಿಗೆ ಹೋಗೈತಂತೆ, ಬರೋದು ತಡ ಅಂದ್ರು. ಬೇಗ ಗಾಡಿ ತೆಗೀರಿ."

ಮಾಸ್ತಪ್ಪ ರಸ್ತೆ ನೋಡಿದ. ಕೆಂಪು ನೀರು ಹಳ್ಳದಂಗೆ ಹರೀತಿತ್ತು. ತಿರುಗಿ ಕಾರು ನೋಡಿದ. ಆ ಹೊತ್ತಿನಲ್ಲಿ ನಾಲಿಗೆ ಮೇಲೆ ಅದ್ಯಾವ ಶನಿ ಬಂದು ಕೂತನೋ.

"ಸ್ಟಾರ್ಟ್ ಆಗ್ತಾ ಇಲ್ಲ ಕಣೋ. ಬ್ಯಾಟರಿ ಕೂತೈತೆ."

"ತಳ್ತೀನಿ, ಕೂತ್ಕಳ್ರಿ."

"ತಳ್ಳಿದ್ರೂ ಆಗಲ್ಲ. ಇಂಜಿನ್ನಾಗೇ ಏನೋ ಹಿಡ್ಕೊಂಡೈತೆ."

ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಊರುಗೋಲು. ತಲೆ ಮೇಲೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಹಿಂದೆ ಬಂದು ನಿಂತಿದ್ದ ಗುಡ್ಡಮ್ಮ ಅವನ ಮುಖವನ್ನೇ ನೋಡಿದಳು. "ಹಂಗಾರೆ ಆ ತಾಡಪಾಲಾದ್ರೂ ಕೊಡು ಮಾಸ್ತಣ್ಣ. ಟ್ರ್ಯಾಕ್ಟರ್‌ನಾಗೆ ಕರ್ಕೊಂಡು ಹೋಗ್ತೀವಿ" ಅಂದಳು.

ಮಾಸ್ತಪ್ಪ ತಾನೇ ಹಗ್ಗ ಬಿಚ್ಚಿ, ತಾನೇ ಮಡಚಿ ಕೊಟ್ಟ. ಏನೋ ಒಂದು ಕೊಟ್ಟೆನಲ್ಲ ಅಂತ ಅವನ ಜೀವಕ್ಕೆ ಒಂದು ಗಳಿಗೆ ಸಮಾಧಾನವೂ ಆಯ್ತು, ಅಯ್ಯೋ ಪಾಪಿ! ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಹಾಲಮ್ಮ ಗಂಡನ ಕಡೆ ತಿರುಗಿಯೂ ನೋಡದೆ ಹೋಗಿ ಹೆಂಗಸರ ಜೊತೆ ಟ್ರೇಲರ್ ಹತ್ತಿದಳು.

ಅವಳು ವಾಪಸ್ ಬಂದದ್ದು ಮಧ್ಯಾಹ್ನ ಕಳೆದು. ಸೀರೆ ಒದ್ದೆ ಮುದ್ದೆ. "ಹೆಣ್ಣು ಮಗು. ತಾಯಿ ಮಗು ಚೆನ್ನಾಗವೆ" ಅಂದಳು. ಮಾಸ್ತಪ್ಪ ಉಸಿರು ಬಿಟ್ಟ. "ಆಸ್ಪತ್ರೆ ಮುಟ್ಟೋ ತನಕ ತಡೀಲಿಲ್ಲ. ಶಿಕಾರಿಪುರ ಇನ್ನೂ ಅಷ್ಟು ದೂರ ಇರೋವಾಗ್ಲೇ, ರಸ್ತೆ ಮೇಲೆ ಆಯ್ತು. ನಾವು ತಾಡಪಾಲಿನ ನಾಲ್ಕು ಮೂಲೆ ಹಿಡ್ಕೊಂಡು ನಿಂತಿದ್ವಿ. ಗುಂಡಿ ಹಾರಿದಾಗೆಲ್ಲ ಆ ಹುಡುಗಿ ಕಿರುಚ್ತಿತ್ತು." ಇಷ್ಟು ಹೇಳಿ ಒಲೆ ಮುಂದೆ ಕೂತಳು. ಕಾರಿನ ಮಾತು ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಂಜೆಯಾಯ್ತು. ಮಾಸ್ತಪ್ಪ ಅಭ್ಯಾಸದಂತೆ ಹೋಗಿ ಕಾರಿನಲ್ಲಿ ಕೂತ, ಕೀ ಹಾಕಿದ. ತಿರುವಬೇಕು, ಅಷ್ಟರಲ್ಲಿ ಹೊಳೀತು. ಬೆಳಿಗ್ಗೆ ಕೆಟ್ಟಿದ್ದ ಗಾಡಿ ಸಂಜೆಗೆ ಗುರ್ರ್ ಅಂದ್ರೆ ಬೀದಿಗೆ ಬೀದಿಯೇ ಕೇಳುತ್ತೆ! ಕೈ ಹಿಂದೆ ತಗೊಂಡ. ಕತ್ತಲಾಗೋ ತನಕ ಅಲ್ಲೇ ಕೂತಿದ್ದ. ಎದುರುಮನೇಲಿ ದೀಪ ತಡವಾಗಿ ಹತ್ತಿತು.

ಎಂಟು ದಿನ ಬಿಟ್ಟು ರಿಪೇರಿ ಆಯ್ತು ಅಂದಿದ್ರೆ ಮುಗೀತಿತ್ತಲ್ಲ ಅಂತೀರಾ? ಅವನೂ ಹಂಗೇ ಅಂದುಕೊಂಡ. ಆದರೆ ರಿಪೇರಿ ಮಾಡೋಕೆ ಯಾರಾದ್ರೂ ಬರಬೇಕಲ್ಲ. ಯಾರ ಕೈಯೂ ಮುಟ್ಟದೆ ತಾನೇ ವಾಸಿಯಾಗೋಕೆ ಗಾಡಿಗೇನು ಜ್ವರ ಬಂದಿತ್ತಾ? ಉಸ್ಮಾನ್ ಸಾಬರನ್ನ ಕರೆಸಿದ್ರೆ ಅವರು ಬಾನೆಟ್ ಎತ್ತಿ, ಬೀದಿಗೆಲ್ಲ ಕೇಳೋ ಹಂಗೆ "ಏನೂ ಆಗಿಲ್ವಲ್ಲ ಅಣ್ಣಾ ಇದಕ್ಕೆ" ಅಂದುಬಿಟ್ರೆ? ನಾಳೆ ನೋಡೋಣ, ನಾಡಿದ್ದು ನೋಡೋಣ ಅಂತ ತಳ್ಳುತ್ತಾ ಹೋದ. ಯಾರಾದ್ರೂ ದಾರೀಲಿ "ಏನ್ ಮಾಸ್ತಣ್ಣ, ಚೆನ್ನಾಗಿದೀಯಾ" ಅಂದ್ರೂ ಸಾಕು, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂಗೆ, "ಬ್ಯಾಟರಿ ಸಿಗ್ತಾ ಇಲ್ಲ ಮಾರಾಯ" ಅಂತ ಕೇಳದೇ ಇದ್ದದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದ. ಆಮೇಲೆ ತನ್ನ ಮಾತಿಗೆ ತಾನೇ ನಾಚಿಕೊಂಡು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದ.

ಮಳೆ ಮಾತ್ರ ಯಾರ ಮರ್ಯಾದೆಯನ್ನೂ ಕಾಯಲಿಲ್ಲ. ತಾಡಪಾಲು ಹೋದ ಜಾಗಕ್ಕೆ ಗೊಬ್ಬರದ ಚೀಲ ಹೊಲಿದು ಹೊದೆಸಿದ್ದ. ಗಾಳಿಗೆ ಅದು ಹಾರಿ, ಇರಚಲು ನೇರ ಒಳಗೆ ಬಡೀತಿತ್ತು. ಮೊದಲು ಬಂಪರಿನಲ್ಲಿ ಕಂದು ಚುಕ್ಕೆ ಕಂಡಿತು. ಆಮೇಲೆ ಬಾಗಿಲಂಚಿನ ಹೊಸ ಬಣ್ಣ ಹಪ್ಪಳದಂಗೆ ಉಬ್ಬಿತು. ಸೀಟಿನ ಮೇಲೆ ಬೂಷ್ಟು. ಡೀಸೆಲ್ ಬಟ್ಟೇಲಿ ಸದ್ದಿಲ್ಲದೆ ಒರೆಸುತ್ತಿದ್ದ. ಹಾಲಮ್ಮ ಅನ್ನ ಬಡಿಸುತ್ತಿದ್ದಳು, ನೀರು ಕೊಡುತ್ತಿದ್ದಳು, ಆದರೆ ಸವತಿ ಅನ್ನೋ ಮಾತು ಅವಳ ಬಾಯಿಂದ ಹೋಯ್ತು. ಮಾಸ್ತಪ್ಪನಿಗೆ ತುಕ್ಕಿಗಿಂತ ಅದು ಹೆಚ್ಚು ಉರಿಯಿತು.

ಆಯುಧ ಪೂಜೆ ದಿನ ಬೀದಿಯ ಬೈಕು, ಟ್ರ್ಯಾಕ್ಟರೆಲ್ಲ ಚಕ್ರದಡಿಯ ನಿಂಬೆಹಣ್ಣು ಚಪ್ಪಟೆ ಮಾಡಿಕೊಂಡು ಮುಂದಕ್ಕೆ ಉರುಳಿದವು. ಮಾಸ್ತಪ್ಪನೂ ವಿಭೂತಿ ಕುಂಕುಮ ಹಚ್ಚಿ ನಾಲ್ಕು ನಿಂಬೆಹಣ್ಣು ಇಟ್ಟ. ಗಾಡಿ ನಿಂತಲ್ಲೇ ನಿಂತಿತ್ತು. ಆ ಹಣ್ಣು ಅಲ್ಲೇ ಒಣಗಿ ಮುರುಟಿದವು. ಕೊನೆಗೊಂದು ದಿನ ಹಾಲಮ್ಮ ಅವನ್ನ ಕಸದ ಜೊತೆ ಗುಡಿಸಿದಳು.

ಹಬ್ಬ ಕಳೆದ ಮೇಲೆ ಒಂದು ಸಂಜೆ ಗುಡ್ಡಮ್ಮ ತಾಡಪಾಲು ಹೊತ್ತುಕೊಂಡು ಬಂದಳು. ಹಿಂದೆ ತೀರ್ಥೇಶ್.

"ತಡ ಆಯ್ತು ಮಾಸ್ತಣ್ಣ. ಬಾಣಂತಿ ಮೈಲಿಗೆ ತಾಗಿತ್ತು ನೋಡು, ಹಂಗೇ ಹೆಂಗೆ ಕೊಡಾದು? ನಾಲ್ಕು ನೀರು ತೊಳೆದೆ. ಮಳೇಲಿ ಒಣಗಲಿಲ್ಲ, ಒಲೆ ಮೇಲೆ ಕಟ್ಟಿ ಒಣಗಿಸ್ದೆ. ಒಂಚೂರು ಹೊಗೆ ವಾಸನೆ ಬರ್ತದೆ, ಬೇಜಾರಾಗಬ್ಯಾಡ."

ಮಾಸ್ತಪ್ಪ ಕೈ ಚಾಚಿದ. ಕಣ್ಣೆತ್ತಲಿಲ್ಲ.

"ಇನ್ನೊಂದು ಮಾತು" ಅಂದಳು ಗುಡ್ಡಮ್ಮ. "ರಮ್ಯ, ಮಗು ಆಸ್ಪತ್ರೆಯಿಂದ ಹಂಗೇ ಸೊರಬದ ತವರಿಗೆ ಹೋದ್ರಲ್ಲ, ನಾಳೆ ಮನೆ ತುಂಬಿಸ್ಕೋಬೇಕು. ಇವ್ನೂ ಮನೆಗೆ ಬಂದಿದ್ದು ನಿನ್ನ ಗಾಡೀಲೇ. ಬ್ಯಾಟರಿ ಸರಿ ಆಗಿದ್ರೆ ಕೂಸೂ ಅದ್ರಾಗೇ ಬರಲಿ ಅಂತ ನನ್ನಾಸೆ."

ಮಾಸ್ತಪ್ಪನಿಗೆ ಮುಳುಗೋನಿಗೆ ಹಗ್ಗ ಎಸೆದಂಗಾಗಿತ್ತು. "ನಾನೇ ಹೋಗಿ ಕರ್ಕೊಂಡು ಬರ್ತೀನಿ ಗುಡ್ಡಕ್ಕ! ಬೆಳಿಗ್ಗೆನೇ ಹೊರಡ್ತೀನಿ!" ಅಂದವನೇ ಹೋಗಿ ಕಾರು ಹತ್ತಿದ. ಯಾರು ಕೇಳಿದ್ರೂ ಕೇಳಲಿ, ಇವತ್ತು ಬೀದಿಗೆಲ್ಲ ಕೇಳಲಿ ಅಂತ ಕೀ ತಿರುವಿದ.

ಟಕ್ ಅಂತು. ಅಷ್ಟೇ. ಮತ್ತೆ ತಿರುವಿದ. ಟಕ್ಕೂ ಇಲ್ಲ.

ತೀರ್ಥೇಶ್ ಬಾನೆಟ್ಟಿಗೆ ಕೈ ಕೊಟ್ಟು ಹಿಂದಕ್ಕೆ ತಳ್ಳಿದ. ಹಾಲಮ್ಮನೂ ಬಂದು ಕೈ ಹಾಕಿದಳು. ಬ್ರೇಕು ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಚಕ್ರ ಕದಲಲಿಲ್ಲ. ಮಡ್‌ಗಾರ್ಡಿನ ಒಳಗಿಂದ ತುಕ್ಕಿನ ಪುಡಿ ನೆಲಕ್ಕೆ ಉದುರಿತು. ಮಾಸ್ತಪ್ಪ ಕೆಳಗಿಳಿದ.

"ಸ್ಟಾರ್ಟ್ ಆಗ್ತಾ ಇಲ್ಲ ಗುಡ್ಡಕ್ಕ" ಅಂದ. ಅವಳು ನಂಬದೆ ಹೋದರೆ ಅನ್ನೋ ದಿಗಿಲಿಗೆ ಇನ್ನೊಂದು ಮಾತು ಬಾಯಿಂದ ಜಾರಿತು. "ಈ ಸಲ ನಿಜವಾಗ್ಲೂ."

ಆಡಿದ ಮೇಲೆ ಗೊತ್ತಾಯ್ತು ತಾನು ಆಡಿದ್ದು ಏನು ಅಂತ. ತೀರ್ಥೇಶ್ ಕಾರಿನ ಮೇಲಿಂದ ಕೈ ತೆಗೆದ. ಹಾಲಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಮಾಸ್ತಪ್ಪನಿಗೆ.

"ಗೊತ್ತು ಬಿಡು" ಅಂದಳು ಗುಡ್ಡಮ್ಮ. "ಆ ಸಲದ್ದೂ ಗೊತ್ತಿತ್ತು ಮಾಸ್ತಣ್ಣ. ಹಿಂದಿನ ಸಂಜೆ ನಿನ್ನ ಗಾಡಿ ಸದ್ದು ಕೇಳೇ ಅಲ್ವಾ ನಾನು ದೀಪ ಹಚ್ಚಿದ್ದು?"

ಮಗನ ಕಡೆ ತಿರುಗಿ, ನಾಳೆಗೆ ಟ್ರ್ಯಾಕ್ಟರ್ ತೊಳೆದಿಡು, ಟ್ರೇಲರಿಗೆ ದಪ್ಪಗೆ ಹುಲ್ಲು ಹಾಸು ಅಂದಳು. ಆಮೇಲೆ ತಾಡಪಾಲು ಬಿಡಿಸಿ ಒಂದು ಅಂಚು ತಾನು ಹಿಡಿದು, "ಆ ಕಡೆ ಹಿಡ್ಕೋ, ಇಬ್ಬನಿ ಬೀಳ್ತದೆ" ಅಂದಳು. ಮಾಸ್ತಪ್ಪ ತಲೆ ತಗ್ಗಿಸಿಕೊಂಡೇ ಇನ್ನೊಂದು ಅಂಚು ಹಿಡಿದ.