ಆರ್ವಲ್‌ನ ಸೊಂಟದ ಭಾರ

ಆ ಬೆಳಿಗ್ಗೆ ಟ್ವೈಲಾಳಿಗೆ ಶೂಟಿಂಗ್ ರೇಂಜಿನ ಗೇಟು ತೆಗೆಯಲೂ ಮನಸ್ಸಿರಲಿಲ್ಲ. ನಿವೃತ್ತ ಪೊಲೀಸರು ವರ್ಷಕ್ಕೊಮ್ಮೆ ಬಂದು ಅವಳ ಮುಂದೆ ಗುರಿ ಹೊಡೆದು ತೋರಿಸಿದರೆ ಮಾತ್ರ ಅಂಗಿಯ ಮರೆಯಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಇವತ್ತು ಆರ್ವಲ್ ಸ್ಟಿಡಮ್‌ನ ಸರದಿ. ಹಿಂದಿನ ದಿನವೇ ಅವನ ಹೆಂಡತಿ ವಿಲ್ಮಾ ಫೋನಿನಲ್ಲಿ ಅತ್ತಿದ್ದಳು. ಸತ್ತ ತಮ್ಮನಿಗೂ ಊಟಕ್ಕೆ ತಟ್ಟೆ ಇಡು ಅನ್ನುತ್ತಾನಂತೆ. ಮೊನ್ನೆ ಕೋಳಿಗೂಡಿನಿಂದ ಬಂದ ಹೆಂಡತಿಯನ್ನೇ ಕಳ್ಳಿಯೆಂದುಕೊಂಡು ಸೊಂಟದ ಪಿಸ್ತೂಲಿಗೆ ಕೈ ಹಾಕಿದನಂತೆ. ಹೇಗಾದರೂ ಮಾಡಿ ಅದನ್ನು ತೆಗೆದುಕೊಂಡುಬಿಡು, ನಾನು ಕೇಳಿದರೆ ಕೊಡುವುದಿಲ್ಲ ಎಂದಿದ್ದಳು. ಎಷ್ಟು ಸಲೀಸಾಗಿ ಹೇಳಿಬಿಟ್ಟಳು ಮಹಾತಾಯಿ!

ಕೆಂಟಕಿಯ ಆ ಬೆಟ್ಟದ ಸೀಮೆಯಲ್ಲಿ ಪೊಲೀಸಾದವರೆಲ್ಲ ಆರ್ವಲ್‌ನ ಬೈಗುಳ ತಿಂದೇ ಪೊಲೀಸಾದವರು. ಟ್ವೈಲಾ ಹೊಸದಾಗಿ ಸೇರಿದಾಗ ಇಲಾಖೆಯ ದಪ್ಪ ಪಿಸ್ತೂಲು ಅವಳ ಅಂಗೈಯಲ್ಲಿ ಕೂರಲೇ ಇಲ್ಲ. ಗಂಡಸರು ಕಿಸಿಕಿಸಿ ನಕ್ಕರು. ಆರ್ವಲ್ ನಗಲಿಲ್ಲ. ತರತರದ ಪಿಸ್ತೂಲು ತಂದು, ಖಾಲಿ ಮಾಡಿ, ಅವಳ ಕಣ್ಣು ಮುಚ್ಚಿಸಿ ಒಂದೊಂದನ್ನೇ ಕೈಗಿಟ್ಟ. "ಕಂಪನಿ ನೋಡಬೇಡ, ಚಂದ ನೋಡಬೇಡ. ಯಾವುದು ಹೊಂದುತ್ತೆ ಅಂತ ಕೈ ಹೇಳುತ್ತೆ, ಕೇಳು," ಎಂದ. ಮೇಲಧಿಕಾರಿಗಳ ಹತ್ತಿರ ಜಗಳವಾಡಿ ಅವಳ ಕೈ ಹೇಳಿದ್ದನ್ನೇ ಕೊಡಿಸಿದ. ಆದರೆ ಪಿಸ್ತೂಲು ಕೈಯಲ್ಲಿದ್ದಾಗ ಗುರಿಹಲಗೆಗೆ ಬೆನ್ನು ತಿರುಗಿಸಿದವರನ್ನು ಅವನು ಕ್ಷಮಿಸುತ್ತಿರಲಿಲ್ಲ. ಹಾಗೆ ತಿರುಗಿದ ಸ್ವಂತ ತಮ್ಮನನ್ನೇ ಮನೆಗೆ ಅಟ್ಟಿದ ಪುಣ್ಯಾತ್ಮ.

ಅಂಥವನು ಇವತ್ತು ಅಂಗಿಯ ಗುಂಡಿಯನ್ನು ಮೇಲೆಕೆಳಗೆ ಹಾಕಿಕೊಂಡು ಬಂದ. ಆದರೆ ಪಿಸ್ತೂಲು ಹಿಡಿದದ್ದೇ ತಡ, ಬೆನ್ನು ನೆಟ್ಟಗಾಯಿತು, ನಡುಕ ನಿಂತಿತು. ಹೊಡೆದದ್ದೆಲ್ಲ ನಟ್ಟನಡುವೆ ಬಿತ್ತು. ಕಾನೂನಿಗೆ ಅಷ್ಟು ಸಾಕು. ಅದು ಮುದುಕನ ಕೈ ನೋಡುತ್ತದೆಯೇ ಹೊರತು ತಲೆ ನೋಡುವುದಿಲ್ಲ. ವಿಲ್ಮಾ ಸುಮ್ಮನೆ ಹೆದರಿದ್ದಾಳೆ ಎಂದು ಟ್ವೈಲಾ ಒಂದು ಗಳಿಗೆ ಹಿಗ್ಗಿಯೇಬಿಟ್ಟಳು.

ಆಗ ಆರ್ವಲ್ ತಿರುಗಿದ. ಪಿಸ್ತೂಲಿನ ಮೂತಿ ನೇರ ಅವಳ ಹೊಟ್ಟೆಗಿತ್ತು.

"ಯಾರಮ್ಮ ನೀನು?" ಎಂದ, ತುಂಬಾ ಮರ್ಯಾದೆಯಿಂದ. "ಇಲ್ಲೆಲ್ಲ ಓಡಾಡಬಾರದು. ಗುಂಡು ಹಾರ್ತಾ ಇರ್ತವೆ."

ಟ್ವೈಲಾಳಿಗೆ ಹೆದರಿಕೆಗಿಂತ ಹೆಚ್ಚಾಗಿ ಸಂಕಟವಾಯಿತು. "ಸಾರ್ಜೆಂಟ್, ಮೂತಿ ನೆಲಕ್ಕೆ," ಎಂದಳು, ಅವನೇ ಕಲಿಸಿದ ದನಿಯಲ್ಲಿ. ಅವನು ಹೊಸ ಪೇದೆಯ ಹಾಗೆ ತಟ್ಟನೆ ಇಳಿಸಿದ.

ಒರೆಸಿ ಕೊಡುತ್ತೇನೆಂದು ಹೇಳಿ ಅದನ್ನು ಒಳಗೆ ಒಯ್ದಳು. ಬೀಗ ಹಾಕಿಟ್ಟು, ತರಬೇತಿಗೆಂದು ಇಟ್ಟಿದ್ದ ಗುಂಡು ಹಾರದ ಕಪ್ಪು ಪ್ಲಾಸ್ಟಿಕ್ಕಿನ ಪಿಸ್ತೂಲನ್ನು ತಂದು ಅವನ ಸೊಂಟದ ಚರ್ಮದ ಚೀಲಕ್ಕೆ ತಾನೇ ಇಳಿಸಿದಳು. ಗುರುವಿಗೇ ತಿರುಮಂತ್ರ. ಯಾರು ಕಣ್ಣು ಮುಚ್ಚಿಸಿ ಪಿಸ್ತೂಲು ಗುರುತಿಸಲು ಕಲಿಸಿದ್ದನೋ ಅವನಿಗೇ ಮೋಸ ಮಾಡುತ್ತಿದ್ದೇನೆಂದು ಅವಳ ಜೀವ ಹಿಂಡಿಹೋಯಿತು.

ಹೊರಗೆ ಪಿಕಪ್ ಗಾಡಿಯಲ್ಲಿ ವಿಲ್ಮಾ ಕಾಯುತ್ತಿದ್ದಳು. ಗಾಡಿಯತ್ತ ನಡೆಯುತ್ತ ಅರ್ಧ ದಾರಿಯಲ್ಲಿ ಆರ್ವಲ್ ನಿಂತ. ಸೊಂಟದ ಮೇಲೆ ಅಂಗೈ ಇಟ್ಟು ತೂಕ ನೋಡಿದ.

"ಹಗುರ ಇದೆ, ಟ್ವೈಲಾ."

ತನ್ನ ಹೆಸರು ಕೇಳಿ ಅವಳು ತಲೆ ತಗ್ಗಿಸಿದಳು.

"ಒಳ್ಳೇದೇ ಮಾಡಿದೆ ಬಿಡು ಮಗಳೇ," ಎಂದ. ಆಮೇಲೆ ಗಾಡಿಯತ್ತ ನೋಡಿ ದನಿ ತಗ್ಗಿಸಿದ. "ವಿಲ್ಮಾಗೆ ಮಾತ್ರ ಹೇಳಬೇಡ. ನನ್ನ ಹತ್ರ ಗನ್ ಇಲ್ಲ ಅಂತ ಗೊತ್ತಾದ್ರೆ ಪಾಪ, ಆ ಒಂಟಿ ಮನೇಲಿ ಅವಳಿಗೆ ನಿದ್ದೆ ಬರಲ್ಲ."

ಅವನನ್ನು ಹತ್ತಿಸಿ ಬಾಗಿಲು ಹಾಕುವಾಗ ವಿಲ್ಮಾ ಆಯಿತೇ ಎಂದು ಕಣ್ಣಲ್ಲೇ ಕೇಳಿದಳು. ಟ್ವೈಲಾ ಹೌದೆಂದು ತಲೆಯಾಡಿಸಿದಳು. ಆರ್ವಲ್ ಇದ್ಯಾವುದನ್ನೂ ನೋಡಲಿಲ್ಲ. ಹೆಂಡತಿಗೆ ಕಾಣುವ ಹಾಗೆ ಅಂಗಿ ಸರಿಸಿ, ಆ ಪ್ಲಾಸ್ಟಿಕ್ಕಿನ ಮೇಲೆ ಕೈ ಇಟ್ಟು, ನೆಟ್ಟಗೆ ಕೂತಿದ್ದ.