ಕೆಚ್ಚಿನ ಆಚೆಗಿನ ಗೆರೆ

ಬಿಸಿ ಪಾತ್ರೆ ಇಳಿಸಲು ನಾನು ಬಳಸುವ ಮಸಿಬಟ್ಟೆಯನ್ನು ನೋಡಿದರೆ ನೀವು ಮೂಗು ಮುರಿಯುತ್ತೀರಿ. ಅರ್ಧ ಕಪ್ಪು, ಅರ್ಧ ಒಂದು ಕಾಲಕ್ಕೆ ಬಿಳಿ. ನಡುವೆ ಒರಟೊರಟಾದ ಅಡ್ಡಪಟ್ಟಿ. ಬಿಳಿಯ ಭಾಗದಲ್ಲಿ ಉದ್ದಕ್ಕೆ ಓಡಿದ ಒಂದು ಗೆರೆ. ನನ್ನ ಸೊಸೆ, ಅಂದರೆ ನನ್ನ ಅಣ್ಣನ ಮಗಳೇ, ಇದನ್ನು ಎಸೆದಾಗಲೆಲ್ಲ ನಾನು ಹೆಕ್ಕಿ ತಂದಿದ್ದೇನೆ. ಜಿಪುಣಿ ಎಂದು ನಗುತ್ತಾಳೆ, ನಗಲಿ.

ನೇಯ್ಗೆ ಒಬ್ಬನ ಕೆಲಸವೆಂದು ನೀವು ತಿಳಿದಿದ್ದರೆ ತಪ್ಪು. ಕರ್ನೂಲು ಆಂಧ್ರದ ರಾಜಧಾನಿಯಾಗಿ ಮೆರೆದ ಆ ಕೆಲವು ವರ್ಷಗಳಲ್ಲಿ, ಎಮ್ಮಿಗನೂರಿನ ನನ್ನ ತವರುಮನೆಯಲ್ಲಿ ಉದ್ದಕ್ಕೆ ಬಿಗಿದ ಎಳೆಗಳ ಹಾಸು ಮುಗಿಯಿತೆಂದರೆ ಮಗ್ಗ ನಿಂತು ಕೆಚ್ಚುವವಳನ್ನು ಕರೆಯುತ್ತಿತ್ತು, ಕೆಚ್ಚುವವಳು ಹಾಸು ಹೂಡುವವರನ್ನು, ಅವರು ನೂಲು ಸುತ್ತುವ ನನ್ನನ್ನು; ಒಬ್ಬೊಬ್ಬರೂ ಕೆಲಸ ಮುಗಿಸಿ, ಕರೆದವರ ಕೈಗೇ ಮರಳಿಸಿದ ಮೇಲೆ ಲಾಳಿ ಮತ್ತೆ ಓಡುತ್ತಿತ್ತು. ಬಟ್ಟೆಯಲ್ಲಿ ದೋಷ ಕಂಡರೆ ಈ ಕರೆಗಳ ದಾರಿಯನ್ನೇ ಹಿಂದುಹಿಂದಕ್ಕೆ ಹಿಡಿದು ಹೋಗಬೇಕು, ದೋಷ ಕಂಡ ಕಡೆಯೇ ಹುಟ್ಟಿರುವುದಿಲ್ಲ ಎಂದು ನಮಗೆ ಕಲಿಸಿದವರು ಅಪ್ಪನೇ. ಆ ಪಾಠವನ್ನು ಅವರು ಎಲ್ಲರ ಮೇಲೂ ಪ್ರಯೋಗಿಸಿದರು, ತಮ್ಮೊಬ್ಬರನ್ನು ಬಿಟ್ಟು.

ಕೆಚ್ಚುವುದೆಂದರೆ, ಮುಗಿದ ಹಾಸಿನ ತುದಿಗಳಿಗೆ ಹೊಸ ಹಾಸಿನ ಎಳೆಗಳನ್ನು ಬೂದಿ ಹಚ್ಚಿದ ಬೆರಳಿನಿಂದ ಒಂದೊಂದಾಗಿ ಹೊಸೆದು ಸೇರಿಸುವುದು. ಎಳೆಗಳನ್ನು ಸರದಿಯಂತೆ ಮೇಲೆತ್ತುವ ಹಣಿಗೆಯನ್ನು ನಮ್ಮಲ್ಲಿ ಬಿಚ್ಚುವಂತಿರಲಿಲ್ಲ. ಮನೆಯ ಹಿರಿಯ ಒಮ್ಮೆ ಎಳೆ ಪೋಣಿಸಿ, ಊದಿನಕಡ್ಡಿ ಹಚ್ಚಿ ಕೈಮುಗಿದನೆಂದರೆ, ಅವನಿರುವ ತನಕ ಅದಕ್ಕೇ ಹಾಸಿನ ಮೇಲೆ ಹಾಸು ಕೆಚ್ಚುತ್ತ ಹೋಗಬೇಕು. ನಮ್ಮ ಹಣಿಗೆಗೆ ಪೋಣಿಸಿದ ಕೈ ಅಪ್ಪನದು.

ಸಿ. ಬೆಳಗಲ್ ಎಂಬ ಊರಿನಿಂದ ಮದುವೆಯಾಗಿ ಬಂದ ಅತ್ತಿಗೆ ಗಂಗಮ್ಮ ಕೆಚ್ಚುವುದರಲ್ಲಿ ಎಂಥ ಗಟ್ಟಿಗಿತ್ತಿಯೆಂದರೆ, ಅವಳ ಬೆರಳು ಆಡುವುದನ್ನು ನೋಡಲು ಓಣಿಯ ಹೆಂಗಸರು ನೆಪ ಹುಡುಕಿ ಬರುತ್ತಿದ್ದರು. ಗಂಡನ ಮನೆಯಲ್ಲಿ ಅವಳಿಗೆ ತನ್ನದೆಂಬುದು ಅದೊಂದೇ ಇತ್ತು. ಅವಳು ಬಂದ ವರ್ಷವೇ ಅಪ್ಪ, ಅಲ್ಲಿಯವರೆಗೂ ನೇಯುತ್ತಿದ್ದ ಕಪ್ಪು ಸೀರೆ ಬಿಟ್ಟು, ಮೊದಲ ಸಲ ಬಿಳಿ ಪಂಚೆಗೆ ಕೈಹಾಕಿದರು. ಕಪ್ಪು ಹಾಸಿನ ತುದಿಗೆ ಬಿಳಿಯ ಹಾಸನ್ನು ಅತ್ತಿಗೆ ಕೆಚ್ಚಿದಳು. ನೇಯ್ದಂತೆ ಬಿಳಿಯಲ್ಲಿ ಗೆರೆ ಮೂಡಿತು. ಅಕ್ಕಪಕ್ಕದ ಎರಡು ಎಳೆ ಒಟ್ಟಿಗೇ ಏಳುತ್ತಿದ್ದವು. ಆದೋನಿಯ ವ್ಯಾಪಾರಿ ಥಾನನ್ನು ಬೆಳಕಿಗೆ ಹಿಡಿದು, ಕೊಳ್ಳದೆ ಮಡಚಿ ಹಿಂದಿರುಗಿಸಿದ.

ಅಪ್ಪ ಗೆರೆಯ ಮೇಲೆ ಉಗುರಿಟ್ಟು ಹಿಂದಕ್ಕೆ ಬಂದರು, ಕೆಚ್ಚು ಸಿಕ್ಕಿದ ಕಡೆ ನಿಂತರು.

"ಇಲ್ಲಿಂದ ಹುಟ್ಟೈತಿ. ಕೆಚ್ಚಿದಾಕಿ ಯಾರು?"

"ಮಾವಾರ, ಇನ್ನೊಂದೀಟು ಹಿಂದಕ ಹೋಗ್ರಿ," ಎಂದಳು ಅತ್ತಿಗೆ. "ಕರೀ ಬಟ್ಟ್ಯಾಗೂ ಆ ಎಳಿ ಜೋಡೀನ ಅದಾವ. ಕರ್ರಗದಾವಂತ ಕಾಣವಲ್ವು, ಅಷ್ಟ."

"ಅದು ನಾ ಪೋಣಿಸಿದ್ದು," ಎಂದರು ಅಪ್ಪ. ಅಲ್ಲಿಗೆ ವಿಚಾರಣೆ ಮುಗಿಯಿತು. ಅಣ್ಣ ನೆಲ ನೋಡುತ್ತಿದ್ದ.

ಅಂದಿನಿಂದ ಅತ್ತಿಗೆಗೆ ನೂಲಿಗೆ ಹಚ್ಚುವ ಗಂಜಿ ಕಾಯಿಸುವ ಕೆಲಸ, ಕೆಚ್ಚಲು ನಾನು. ಬಿಳಿ ನಮಗೆ ಆಗಿಬರುವುದಿಲ್ಲವೆಂದು ಅಪ್ಪ ಮತ್ತೆ ಕಪ್ಪಿಗೇ ಮರಳಿದರು. ಅವರಿಗೆ ಗೊತ್ತಿತ್ತೇ ಎಂದು ಕೇಳುತ್ತೀರಾ? ಗೊತ್ತಿತ್ತೆಂದೇ ನನ್ನ ಎಣಿಕೆ. ತಪ್ಪಿನ ಜಾಡು ಹಿಡಿದು ಹೊರಟ ನಾವೆಲ್ಲ ನಮಗೆ ಬೇಕಾದವರ ಬಾಗಿಲು ಹತ್ತಿರವಾಗುತ್ತಲೇ ಸುಸ್ತಾಗಿ ಕೂತುಬಿಡುತ್ತೇವೆ. ಕೂತಲ್ಲಿ ಯಾರು ಸಿಕ್ಕರೋ ಅವರೇ ಅಪರಾಧಿ, ಹೊರಗಿನಿಂದ ಬಂದವಳಾದರೆ ಇನ್ನೂ ಅನುಕೂಲ.

ಅಪ್ಪ ತೀರಿಕೊಂಡ ಮೇಲೆ ಅಣ್ಣ ತನ್ನ ಕೈಯಿಂದ ಪೋಣಿಸಲು ಹಣಿಗೆ ಬಿಚ್ಚಿದ. ಬೇರೆ ಬೇರೆ ಸಾಲಿಗೆ ಹೋಗಬೇಕಿದ್ದ ಪಕ್ಕಪಕ್ಕದ ಎರಡು ಎಳೆ ಒಂದೇ ಸಾಲಿನ ಕುಣಿಕೆಗಳಲ್ಲಿ ಹೊಕ್ಕಿದ್ದವು. ಅವನು ಅದನ್ನು ನೋಡಿದ. ನಾನು ನೋಡಿದ್ದನ್ನೂ ನೋಡಿದ. "ಅತ್ತಿಗೀಗಿ ಹೇಳು," ಎಂದೆ. "ಆಗಿದ್ದಾತು ಬಿಡಬೇ, ಸತ್ತವರ ಮಾತ್ಯಾಕ," ಎಂದ. ಸತ್ತವರ ಮರ್ಯಾದೆ ಕಾಯಲು ಬದುಕಿದ್ದವಳದನ್ನು ಒತ್ತೆಯಿಟ್ಟ ಆ ಸಜ್ಜನಿಕೆಯ ಮೇಲೆ ನನ್ನ ಸಿಟ್ಟು ಇನ್ನೂ ಆರಿಲ್ಲ. ಮುಂದಿನ ಬಿಳಿ ಹಾಸು ಹಾಲಿನಂತೆ ಬಂತು, ಓಣಿಯವರು ನನ್ನ ಕೈಗುಣವನ್ನು ಹೊಗಳಿದರು.

ನಾನೇ ಹೋಗಿ ಎಲ್ಲವನ್ನೂ ಹೇಳಿ, ಬಂದು ಕೆಚ್ಚೆಂದು ಅತ್ತಿಗೆಯನ್ನು ಕರೆದೆ. ಗಂಜಿಯ ಕುದಿಗೆ ದಡ್ಡುಗಟ್ಟಿದ ಬೆರಳುಗಳನ್ನು ಅವಳು ನನ್ನ ಮುಂದೆ ಚಾಚಿದಳು. "ನನಗ ಆವಾಗ್ಲೇ ಗೊತ್ತಿತ್ತಬೇ. ಈಗ ಈ ಬೆರಳಿಗೆ ಎಳಿನ ಸಿಗವಲ್ದು," ಎಂದಳು. ಮತ್ತೆಂದೂ ಅವಳು ಮಗ್ಗದ ಹತ್ತಿರ ಕೂರಲಿಲ್ಲ, ಮಗಳಿಗೂ ಇದರ ಒಂದು ಮಾತು ಹೇಳದೆ ತೀರಿಹೋದಳು.

ಅವಳು ಹೋದರೂ ಅಪ್ಪನ ತೀರ್ಪು ಹೋಗಲಿಲ್ಲ. ಬಟ್ಟೆಯಲ್ಲಿ ಎಲ್ಲಿ ಗೆರೆ ಕಂಡರೂ ನಮ್ಮ ಮನೆತನದಲ್ಲಿ ಅದಕ್ಕೆ ಅವಳ ತವರೂರಿನ ಹೆಸರೇ ನಿಂತುಬಿಟ್ಟಿದೆ. ಮೊನ್ನೆ ಸೊಸೆ ಹೊಸ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೂಗಿದಳು: "ಅತ್ತೀ, ಇದರಾಗ ಬೆಳಗಲ್ ಗೆರಿ ಐತಿ ನೋಡ್ರಿ!"

ಗಂಗಮ್ಮನ ಹೊಟ್ಟೆಯಲ್ಲಿ ಹುಟ್ಟಿದವಳ ಬಾಯಿಂದ ಆ ಮಾತು. ಆ ಥಾನಿನಿಂದಲೇ ಕತ್ತರಿಸಿ ಉಳಿಸಿಕೊಂಡಿದ್ದ ಮಸಿಬಟ್ಟೆಯನ್ನು ನಾನು ತಂದು ಅದೇ ಬೆಳಕಿಗೆ ಹಿಡಿದೆ, ಅವಳ ಬೆರಳನ್ನು ಬಿಳಿಯ ಗೆರೆಯ ಮೇಲಿಟ್ಟು ಹಿಂದಕ್ಕೆ ನಡೆಸಿದೆ. ಕೆಚ್ಚು ಸಿಕ್ಕಿದ ಕಡೆ ಅವಳ ಬೆರಳು ನಿಂತಿತು, ನಾನು ನಿಲ್ಲಗೊಡಲಿಲ್ಲ.

"ಕರ್ರಗಿದ್ದದ್ರಾಗೂ ಐತಲ್ಲ," ಎಂದಳು.

"ಐತಿ. ನಿಮ್ಮವ್ವ ಕೆಚ್ಚೋಕಿಂತ ಮೊದ್ಲಿಂದ ಐತಿ," ಎಂದು ಎಲ್ಲವನ್ನೂ ಹೇಳಿದೆ.

ಅವಳು ಮಸಿಬಟ್ಟೆಯನ್ನು ಮಡಚಿ ಕಿಟಕಿಯಲ್ಲಿಟ್ಟಳು. ಒಲೆಯ ಮೇಲೆ ಅನ್ನ ಸೀಯುತ್ತಿತ್ತು. ಪಾತ್ರೆಯನ್ನು ಅವಳು ಸೆರಗಿನಿಂದಲೇ ಇಳಿಸಿದಳು.