ಊಟ ಬಿಟ್ಟ ಮೀನು

ಯುದ್ಧದ ಕಾಲದಲ್ಲಿ ನಾನು ಮಳವಳ್ಳಿಯಲ್ಲಿ ಮೇಷ್ಟರಾಗಿದ್ದೆ. ಹೊಸ ಗಾಜು ಕಣ್ಣಿಗೂ ಬೀಳದ ದಿನಗಳು. ಹಳೆಯ ಕಿಟಕಿಯ ನಾಲ್ಕು ಗಾಜು ಹೊಂದಿಸಿ, ತಗಡಿನ ಚೌಕಟ್ಟು ಹಾಕಿಸಿ, ಸಂದಿಗೆಲ್ಲ ಡಾಂಬರು ಮೆತ್ತಿ ಒಂದು ತೊಟ್ಟಿ ಮಾಡಿಕೊಂಡೆ. ಶಿಂಷಾ ಹೊಳೆಯ ಕಲ್ಲುಗಳನ್ನು ಅದರಲ್ಲಿ ಗುಹೆಯಂತೆ ಜೋಡಿಸಿ, ಅದೇ ಹೊಳೆಯ ಕಲ್ಲುಸಂದಿಯಲ್ಲಿ ಹಿಡಿದ ಗೇಣುದ್ದದ ಎರಡು ಮೀನು ಬಿಟ್ಟೆ. ತಲೆ ಅಗಲವಾಗಿದ್ದದ್ದು ಗಂಡು, ಇನ್ನೊಂದು ಹೆಣ್ಣು. ಹಾರಿ ಹೊರಗೆ ಬೀಳದಂತೆ ಮೇಲೆ ಮೊರ ಮುಚ್ಚಿದ್ದೆ. ಮನೆಗೆ ಬಂದವರೆಲ್ಲ ಕೇಳುತ್ತಿದ್ದುದು ಒಂದೇ ಮಾತು. "ಇನ್ನೂ ಸಾರಿಗೆ ಬೀಳ್ನಿಲ್ವಾ ಮೇಷ್ಟ್ರೇ?" ತಮಾಷೆ ಎಂದು ಗೊತ್ತಿದ್ದರೂ ನನಗೆ ಸಿಟ್ಟು ಬರುತ್ತಿತ್ತು.

ಒಂದು ಬೆಳಿಗ್ಗೆ ನೀರಿನ ಮೇಲೆ ಸಾಸಿವೆಯಷ್ಟು ದಪ್ಪದ ಮೊಟ್ಟೆಗಳು ತೇಲುತ್ತಿದ್ದವು. ಶಾಲೆ ಮುಗಿಸಿ ಬಂದು ನೋಡಿದರೆ ಒಂದೂ ಇಲ್ಲ. ಇವೇ ತಿಂದು ಮುಗಿಸಿದವು ಎಂದುಕೊಂಡೆ. ಅಂದಿನಿಂದ ಗಂಡು ಎರೆಹುಳು ಮುಟ್ಟಲಿಲ್ಲ. ಕಲ್ಲಿನ ಸಂದಿ ಹಿಡಿದು ಕೂತುಬಿಟ್ಟಿತು. ಗಂಟಲು ಊದಿಕೊಂಡಿತ್ತು. ಹೆಣ್ಣು ಮಾತ್ರ ಎರಡು ಪಾಲನ್ನೂ ಕಬಳಿಸುತ್ತಿತ್ತು. ಹೀಗೆ ಎಂಟು ದಿನ. ಆ ಗಂಟಲಲ್ಲಿ ಏನಿದೆ ಎಂಬ ಯೋಚನೆ ಪಾಠ ಹೇಳುವಾಗಲೂ ನನ್ನನ್ನು ಬಿಡಲಿಲ್ಲ.

ಆಗ ಬಂಡೂರಿನಿಂದ ಅವ್ವ ಬಂದಳು. ಹುಟ್ಟಿದಾಗಿನಿಂದ ಕುರಿಗಳ ನಡುವೆಯೇ ಬಾಳಿದವಳು. ಗಾಜಿಗೆ ಮೂಗು ಹಚ್ಚಿ ನೋಡಿದಳು.

"ಮುಳ್ಳು ಸಿಕ್ಕೊಂಡದೆ ಕಣ್ಲಾ. ಕುರಿಗೂ ಇಂಗೇ ಆಯ್ತದೆ. ಬಾಯಿ ಬುಡಿಸಿ ನೋಡವ, ಇಲ್ದಿದ್ರೆ ಸತ್ತೋಯ್ತದೆ."

ನನಗೂ ಅದೇ ಬೇಕಿತ್ತು. ನಿಜ ಹೇಳಬೇಕೆಂದರೆ, ಮೀನನ್ನು ಉಳಿಸುವುದಕ್ಕಿಂತ ಒಳಗೆ ನೋಡುವ ಆಸೆಯೇ ಹೆಚ್ಚಾಗಿತ್ತು. ಒದ್ದೆ ಬಟ್ಟೆಯಲ್ಲಿ ಅದನ್ನು ಹಿಡಿದು ನೀರು ತುಂಬಿದ ಬೋಗುಣಿಯ ಮೇಲೆ ಎತ್ತಿದೆ. ಅವ್ವ ಕುರಿಗೆ ಮಾಡುವ ಹಾಗೆಯೇ ಕಿರುಬೆರಳು ತೂರಿಸಿ ದವಡೆ ಬಿಡಿಸಿದಳು. ಮುಳ್ಳಿರಲಿಲ್ಲ. ಕಣ್ಣು ಮೂಡಿದ ಹತ್ತಾರು ಮರಿಗಳು ಬೋಗುಣಿಗೆ ಉದುರಿದವು. ಕೆಲವು ನೆಲಕ್ಕೂ ಬಿದ್ದವು.

ಅವ್ವ ಕೈ ಹಿಂದಕ್ಕೆಳೆದುಕೊಂಡಳು. "ಉಪಾಸ ಇದ್ದು ಮಕ್ಕಳ ಕಾಯ್ತಿದ್ದ ಕಣ್ಲಾ. ಬುಡು, ಬೇಗ ನೀರಿಗೆ ಬುಡು."

ಹೆಣ್ಣು ತಿಂದೀತೆಂದು ಅದನ್ನು ಬೇರೆ ಮಡಕೆಗೆ ಹಾಕಿ, ಗಂಡನ್ನೂ ಮರಿಗಳನ್ನೂ ತೊಟ್ಟಿಗೆ ಬಿಟ್ಟೆವು. ಗಂಡು ಒಂದು ಮೂಲೆಯಲ್ಲಿ, ಮರಿಗಳು ಚೆಲ್ಲಾಪಿಲ್ಲಿ. ಮತ್ತೆ ಸೇರಿಸಿಕೊಳ್ಳದಿದ್ದರೆ ಅಷ್ಟೂ ಜೀವದ ಪಾಪ ನನ್ನದೇ. ಇಬ್ಬರೂ ಉಣ್ಣದೆ ತೊಟ್ಟಿಯ ಮುಂದೆ ಕೂತೆವು. ಎಷ್ಟೋ ಹೊತ್ತಿನ ಮೇಲೆ ಅದು ಮೆಲ್ಲಗೆ ಬಂದು ಒಂದೊಂದೇ ಮರಿಯನ್ನು ಬಾಯಿಗೆ ತೆಗೆದುಕೊಂಡಿತು. ನೆಲಕ್ಕೆ ಬಿದ್ದವು ಉಳಿಯಲಿಲ್ಲ. ನನಗೆ ತುಂಬ ನಾಚಿಕೆಯಾಯಿತು.

ವಾರದೊಳಗೆ ಮರಿಗಳು ಕಲ್ಲಿನ ಸುತ್ತ ಆಡತೊಡಗಿದವು. ನಾನು ಎಷ್ಟು ಮೆಲ್ಲಗೆ ಹೋದರೂ, ನನ್ನ ನೆರಳು ಗಾಜಿನ ಮೇಲೆ ಬಿದ್ದ ಕೂಡಲೇ ಗಂಡು ಬಾಯಿ ತೆರೆಯುತ್ತಿತ್ತು, ಮರಿಗಳು ಅದರೊಳಗೆ ನುಗ್ಗುತ್ತಿದ್ದವು. ಅವು ಆಡುವುದನ್ನು ನಾನು ಬಾಗಿಲಾಚೆ ನಿಂತೇ ನೋಡಬೇಕಾಯಿತು.